ಕೆರೆದು ನೋಡದ ಒಂದು ಗೇಣು ಪೈಪು

ಎಂಜಿನ್ ರಿಪೇರಿ ಮಾಡಿದವನನ್ನು ಊರು ಹೊಗಳುತ್ತದೆ. ಬ್ರೇಕ್ ರಿಪೇರಿ ಮಾಡಿದವನನ್ನು ಯಾರೂ ನೆನೆಯುವುದಿಲ್ಲ, ನೆನೆದರೂ ಬೈಯುವುದಕ್ಕೆ ಮಾತ್ರ. ಗಾಡಿ ಸರಿಯಾಗಿ ನಿಂತಿತು ಎಂದು ಮೆಕ್ಯಾನಿಕ್ಕಿಗೆ ಹಾರ ಹಾಕಿದವರನ್ನು ನಾನು ಮೂವತ್ತೆರಡು ವರ್ಷಗಳ ನೌಕರಿಯಲ್ಲಿ ಕಂಡಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದೊಂದನ್ನು ಮೊದಲೇ ತಿಳಿದುಕೊಂಡರೆ ಮುಂದೆ ಬೇಜಾರು ಕಡಿಮೆ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವ ದಿನ ಯಾರು ಶಾಲು ಹೊದೆಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ಶಾಲಿನ ಮೇಲೆ ಈಗ ನಮ್ಮನೆ ಬೆಕ್ಕು ಮಲಗುತ್ತದೆ. ಬರೆಯಬೇಕಾದದ್ದು ನಿವೃತ್ತಿಯಾದ ಮೇಲೆ ಅಂಕೋಲೆ ಬಳಿಯ ಬಾಳೆಗುಳಿಯ ನನ್ನ ಅಂಗಳದಲ್ಲಿ ನಡೆದ ಒಂದು ಕೆಲಸದ ಕಥೆ. ಕಾರವಾರದ ಕೋಡಿಬಾಗದ ಶೋಭಾ ಮೀನಿನ ವ್ಯಾಪಾರದವಳು, ತನ್ನ ಟೆಂಪೋವನ್ನು ತಾನೇ ಓಡಿಸುವವಳು. ನನ್ನ ಒಂದು ಹೊತ್ತಿನ ಸೋಮಾರಿತನದಿಂದ ಅವಳು ಗಾಡಿ ಮಾರಿ, ಅವ್ವನ ಹಾಗೆ ತಲೆಯ ಮೇಲೆ ಬುಟ್ಟಿ ಹೊರುವ ಪರಿಸ್ಥಿತಿ ಬಂದಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ಇಡೀ ನೌಕರಿಯಲ್ಲಿ ಸಿಗದ ಸಂತೋಷ ಕೊನೆಗೆ ಅದರಲ್ಲೇ ಸಿಕ್ಕಿತು.

ಮೊದಲು ನಾನು ಕಲಿತ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಕಾರವಾರದಲ್ಲಿ ಸರ್ಕಾರಿ ಇಲಾಖೆಯೊಂದರ ಜೀಪುಗಳನ್ನು ರಿಪೇರಿ ಮಾಡುವ ಶೆಡ್ಡಿತ್ತು. ಅಲ್ಲಿನ ಹಿರಿಯ ಮೆಕ್ಯಾನಿಕ್ ಪಾಂಡು ಮೇಸ್ತ್ರಿ. ಮನೆಯಲ್ಲಿ ಕೊಂಕಣಿ, ಶೆಡ್ಡಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಬೇರೆ ಊರಲ್ಲಿ ಬ್ರೇಕ್ ಪೈಪು ಹತ್ತು ವರ್ಷ ಬಾಳಿದರೆ ನಮ್ಮಲ್ಲಿ ನಾಲ್ಕು ವರ್ಷಕ್ಕೇ ತುಕ್ಕು ಹಿಡಿಯುತ್ತದೆ. ಸಮುದ್ರದ ಗಾಳಿಯಲ್ಲಿ ಉಪ್ಪು, ಅದರ ಮೇಲೆ ನಾಲ್ಕು ತಿಂಗಳ ಮಳೆ. ಹಾಗಾಗಿ ನಮ್ಮ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದ್ದಕ್ಕಿಂತ ಬ್ರೇಕ್ ಪೈಪು ಬಿಚ್ಚಿದ್ದೇ ಹೆಚ್ಚು.

ಬ್ರೇಕ್ ಪೈಪೆಂದರೆ ಕಿರುಬೆರಳಿಗಿಂತ ತೆಳ್ಳಗಿನ ಉಕ್ಕಿನ ಕೊಳವೆ. ಪೆಡಲ್ ಒತ್ತಿದಾಗ ಅದರೊಳಗಿನ ಎಣ್ಣೆ ಚಕ್ರದವರೆಗೆ ಒತ್ತಡವನ್ನು ಒಯ್ಯುತ್ತದೆ. ಆ ಕೊಳವೆಯ ಬಾಯನ್ನು ಅರಳಿಸಿ, ನಟ್ಟು ಹಾಕಿ ಬಿಗಿದು, ಒಂದು ಹನಿಯೂ ಸೋರದ ಹಾಗೆ ಕೂರಿಸುವುದೇ ನಮ್ಮ ಕಸುಬು. ಅರಳಿಸುವುದನ್ನು ಫ್ಲೇರ್ ಮಾಡುವುದು ಎನ್ನುತ್ತಾರೆ. ಕೊಳವೆಯನ್ನು ಕಟರಿನಿಂದ ನೇರವಾಗಿ ಕತ್ತರಿಸಿ, ಒಳಗಿನ ಚೂರುಗಳನ್ನು ತೆಗೆದು, ಹಿಡಿಯುವ ಪಟ್ಟಿಯಲ್ಲಿ ಬಿಗಿಯಬೇಕು. ಮೊದಲು ಉಕ್ಕಿನ ಸಣ್ಣ ಗುಂಡಿಯನ್ನಿಟ್ಟು ಒತ್ತಿದರೆ ಬಾಯಿ ಉಬ್ಬುತ್ತದೆ. ಗುಂಡಿ ತೆಗೆದು ಮತ್ತೆ ಒತ್ತಿದರೆ ಉಬ್ಬಿದ್ದು ಒಳಕ್ಕೆ ಮಡಚಿಕೊಂಡು, ಸೀರೆಯ ಅಂಚು ಮಡಚಿ ಹೊಲಿದ ಹಾಗೆ, ಎರಡು ಪದರವಾಗುತ್ತದೆ. ಒಂದೇ ಪದರ ಬಿಟ್ಟರೆ ಇಂದಲ್ಲ ನಾಳೆ ಸೀಳುತ್ತದೆ.

ಸೇರಿದ ಹೊಸದರಲ್ಲಿ ನಾನು ಹೀಗೆ ಒಂದು ಪೈಪಿನ ಎರಡೂ ಬಾಯಿಗಳನ್ನು ಅರಳಿಸಿ, ಕನ್ನಡಿಯ ಹಾಗೆ ಹೊಳೆಯುವಂತೆ ಮಾಡಿ, ಹೆಮ್ಮೆಯಿಂದ ಮೇಸ್ತ್ರಿಯ ಮುಂದೆ ಹಿಡಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಕಿತ್ತೆ ರೇ, ಏನೋ ಹಮ್ಮಣ್ಣಾ, ಬಾಯಿ ಭಾರೀ ಚಂದ ಆಯ್ತು. ಈಗ ನಟ್ ಎಲ್ಲಿಂದ ಹಾಕ್ತಿ? ಆಕಾಶದಿಂದಾ?"

ಎರಡು ನಟ್ಟುಗಳೂ ಮೇಜಿನ ಮೇಲೆ ಬೆಚ್ಚಗೆ ಕೂತಿದ್ದವು. ಬಾಯಿ ಅರಳಿಸುವ ಮೊದಲೇ ನಟ್ಟನ್ನು ಪೈಪಿಗೆ ಏರಿಸಬೇಕು. ಅರಳಿಸಿದ ಮೇಲೆ ದೇವರು ಬಂದರೂ ಅದು ಒಳಗೆ ಹೋಗುವುದಿಲ್ಲ. ಮೇಸ್ತ್ರಿ ಆ ಪೈಪನ್ನು ಚಹಾ ಕುಡಿಯುವ ಜಾಗದ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ "ನಮ್ಮ ಹಮ್ಮಣ್ಣನ ಕಲಾಕೃತಿ" ಎಂದು ತೋರಿಸಿದರು. ಎರಡು ಮಳೆಗಾಲ ಅದು ಅಲ್ಲೇ ಇತ್ತು. ಈ ತಪ್ಪನ್ನು ಮಾಡದ ಮೆಕ್ಯಾನಿಕ್ ಯಾರೂ ಇಲ್ಲ. ನಾನು ಮಾಡಿಲ್ಲ ಎನ್ನುವವನ ಕೈಗೆ ನಿಮ್ಮ ಗಾಡಿ ಕೊಡಬೇಡಿ.

ಮೇಲಧಿಕಾರಿಗಳ ವಿಷಯವೂ ಒಂದು ಹೇಳುತ್ತೇನೆ. ಒಬ್ಬ ಸಾಹೇಬರಿಗೆ ಟೂರಿಗೆ ಹೊರಡುವ ಅವಸರ. ಅವರ ಜೀಪಿನ ಹಿಂದಿನ ಪೈಪು ಸೋರುತ್ತಿತ್ತು. "ಆ ಪೈಪನ್ನ ಸುತ್ತಿಗೆಯಿಂದ ಬಡಿದು ಮುಚ್ಚಿಬಿಡಿ, ಮೂರು ಚಕ್ರಕ್ಕೆ ಬ್ರೇಕ್ ಇದ್ರೆ ಸಾಕು" ಎಂದು ಅಪ್ಪಣೆ ಮಾಡಿದರು. ಆ ಕಾಲದಲ್ಲಿ ಹಾಗೆ ಮಾಡಿ ಗಾಡಿ ಓಡಿಸುತ್ತಿದ್ದವರು ಬೇಕಾದಷ್ಟು ಜನ ಇದ್ದರು. ಪಾಂಡು ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ತಣ್ಣಗೆ ಹೇಳಿದರು.

"ಸಾಹೇಬ್ರೆ, ಜೀಪ್ ಹೋಗುಕೆ ತಯಾರ್ ಅದೆ. ನಿಲ್ಲುಕೆ ಮಾತ್ರ ತಯಾರಿಲ್ಲ. ನೀವು ಎಲ್ಲೂ ನಿಲ್ಲೂದಿಲ್ಲ ಅಂತಾದ್ರೆ ತಕಂಡು ಹೋಗಿ."

ಸಾಹೇಬರು ಬಸ್ಸಿಗೆ ಹೋದರು. ಮೇಸ್ತ್ರಿಗೆ ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅವರು ಅದನ್ನು ಒಮ್ಮೆಯೂ ಹೇಳಿಕೊಳ್ಳಲಿಲ್ಲ, ಅದರ ಬದಲು ಸಾಹೇಬರು ಬಸ್ ಹತ್ತಿದ ರೀತಿಯನ್ನು ನಟಿಸಿ ತೋರಿಸಿ ನಗಿಸುತ್ತಿದ್ದರು.

ಮೇಸ್ತ್ರಿ ನಮಗೆ ಕಲಿಸಿದ ಮುಖ್ಯ ಪಾಠ ಒಂದೇ: ಕೆರೆದು ನೋಡು. ಪೈಪು ಮೇಲಿಂದ ಎಷ್ಟೇ ಚೆನ್ನಾಗಿ ಕಾಣಲಿ, ಸ್ಕ್ರೂಡ್ರೈವರಿನ ತುದಿಯಿಂದ ಉದ್ದಕ್ಕೂ ಕೆರೆಯಬೇಕು. ಮಣ್ಣು, ಬಣ್ಣ, ಡಾಂಬರು ಎಲ್ಲದರ ಅಡಿಯಲ್ಲಿ ತುಕ್ಕು ಮನೆ ಮಾಡಿಕೊಂಡಿರುತ್ತದೆ. ಕೆರೆದಾಗ ತೂತಾದರೆ ಒಳ್ಳೆಯದು, ತೂತಾದದ್ದು ಶೆಡ್ಡಿನಲ್ಲಿ, ಘಾಟಿನಲ್ಲಿ ಅಲ್ಲ. ಈ ಪಾಠವನ್ನು ನಾನು ಮೂವತ್ತೆರಡು ವರ್ಷ ತಪ್ಪದೆ ಪಾಲಿಸಿದೆ. ತಪ್ಪಿದ್ದು ಒಂದೇ ದಿನ.

ನಿವೃತ್ತಿಯಾದಾಗ ಒಂದು ವಿಚಿತ್ರ ಗೊತ್ತಾಯಿತು. ಜೀವಮಾನವಿಡೀ ಹಿಡಿದ ಹತ್ಯಾರಗಳಲ್ಲಿ ಒಂದೂ ನನ್ನದಲ್ಲ, ಎಲ್ಲ ಸರ್ಕಾರದ್ದು. ಕೈ ಬರಿದಾಗಿ ಹದಿನೈದು ದಿನ ಕೂತೆ. ಹೆಂಡತಿ ಸರೋಜಿನಿಯ ಅಡಿಗೆಮನೆಯ ನಲ್ಲಿ, ಮಿಕ್ಸರು, ಬಾಗಿಲ ಚಿಲಕ ಎಲ್ಲವನ್ನೂ ಬಿಚ್ಚಿ ಜೋಡಿಸಿದೆ. ಅವಳೇ ತಡೆಯಲಾರದೆ, "ನಿಮ್ಗೆ ಬೇಕಾದ್ದು ತರ್ಸ್ಕಣಿ ಮಾರಾಯ್ರೆ, ನನ್ನ ಮಿಕ್ಸರ್ ಬಿಡಿ" ಎಂದಳು. ಫೋನಿನಲ್ಲಿ ನೋಡಿ ಫ್ಲೇರಿಂಗ್ ಟೂಲು, ಪೈಪ್ ಕಟರು ತರಿಸಿದೆ. ಕೊರಿಯರಿನವನು ಪೆಟ್ಟಿಗೆ ಕೊಟ್ಟ ದಿನ, ಹೇಳಿದರೆ ನಗುತ್ತೀರಿ, ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ.

ಅಂಗಳದ ಕೆಲಸದಲ್ಲಿ ಸರೋಜಿನಿಯೇ ನನ್ನ ಜೊತೆಗಾರ್ತಿ. ಪೈಪು ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆಯಬೇಕು. ಅದು ಇಬ್ಬರ ಕೆಲಸ: ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ಚಕ್ರದ ಬಳಿಯ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ಪೆಡಲ್ ಬಿಡುವ ಮೊದಲೇ ನಿಪ್ಪಲ್ ಮುಚ್ಚದಿದ್ದರೆ ಹೋದ ಗಾಳಿ ಮತ್ತೆ ಒಳಗೆ. ನಾನು ಅಡಿಯಿಂದ "ಒತ್ತು... ಹಿಡ್ಕ... ಬಿಡು" ಎಂದು ಕೂಗುತ್ತಿದ್ದೆ. ಅವಳು ಮೇಲೆ ಕೂತು ಪೇಪರ್ ಓದುತ್ತ ಒತ್ತುತ್ತಿದ್ದಳು. ಓದುವ ಸುದ್ದಿ ಸ್ವಾರಸ್ಯವಾಗಿದ್ದರೆ ಬಿಡುವುದನ್ನೇ ಮರೆಯುತ್ತಿದ್ದಳು. "ಮದುವೆಯಾದ ಹೊಸದ್ರಲ್ಲಿ ಇಷ್ಟು ಮಾತಾಡ್ಸಿದ್ರೆ ಆಗ್ತಿತ್ತು" ಎಂದು ಒಮ್ಮೆ ಮೇಲಿನಿಂದಲೇ ಹೇಳಿದಳು. ನಾನು ಅಡಿಯಿಂದ ಮುಂದಿನ "ಒತ್ತು" ಕೂಗಿದೆ.

ಶೋಭಾ ಮೊದಲ ಸಲ ಬಂದದ್ದು ಮಳೆ ನಿಂತ ಮೇಲೆ. ಬೆಳಿಗ್ಗೆ ಕಾರವಾರದ ಬಂದರಿನಲ್ಲಿ ಮೀನು ಕೊಂಡು, ಅಂಕೋಲೆಯ ಮೇಲಿಂದ ಬಂದು ಬಾಳೆಗುಳಿಯಲ್ಲಿ ತಿರುಗಿ, ಅರಬೈಲ್ ಘಾಟ್ ಹತ್ತಿ ಯಲ್ಲಾಪುರದಲ್ಲಿ ಮಾರಿ ಮಧ್ಯಾಹ್ನ ಇಳಿಯುವುದು ಅವಳ ದಿನಚರಿ. ಟೆಂಪೋ ಬೇರೆಯವರಿಂದ ಕೊಂಡ ಹಳೆಯದು. ಅವಳ ಜೊತೆ ಅವ್ವ ಯಮುನಕ್ಕ ಬಂದಿದ್ದಳು, ಆದರೆ ಬಸ್ಸಿನಲ್ಲಿ. ಮಗಳ ಟೆಂಪೋದಲ್ಲಿ ಕೂರುವುದಿಲ್ಲವೆಂದು ಆಕೆ ಆಣೆ ಹಾಕಿದ್ದಳಂತೆ.

"ನಾ ನಲವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ಕಂಡು ತಿರಗ್ದೆ ಹಮ್ಮಣ್ಣಾ. ಒಂದಿನಾನೂ ಬ್ರೇಕ್ ಫೇಲ್ ಆಗ್ಲಿಲ್ಲ" ಎಂದಳು ಯಮುನಕ್ಕ.

"ಕುತ್ತಿಗೆ ಫೇಲ್ ಆಯ್ತಲ್ಲೆ ಅವ್ವಾ, ಅದ್ನ ಹೇಳು" ಎಂದಳು ಶೋಭಾ. ನಿಜ, ಯಮುನಕ್ಕನಿಗೆ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಮಗಳು ಸ್ಟೇರಿಂಗ್ ಹಿಡಿದದ್ದೇ ಆ ಕುತ್ತಿಗೆ ನೋಡಿ.

ಪೆಡಲ್ ಮೆತ್ತಗಾಗಿತ್ತು. ಗಾಡಿಯ ಅಡಿಗೆ ಹೋಗಿ ನೋಡಿದರೆ, ಹಿಂದಿನ ಚಕ್ರಗಳಿಗೆ ಹೋಗುವ ಪೈಪು ಒಂದು ಕ್ಲಿಪ್ಪಿನ ಅಡಿಯಲ್ಲಿ ಕೊಳೆತು ಸೋರುತ್ತಿತ್ತು. ಐಸಿನ ನೀರು, ಮೀನಿನ ಉಪ್ಪು ಅಲ್ಲೇ ನಿಲ್ಲುತ್ತಿತ್ತು. ನಮ್ಮ ಕರಾವಳಿಯಲ್ಲಿ ಹೋದಷ್ಟನ್ನೇ ಬದಲಿಸುವುದು ರೂಢಿ. ನಾನೂ ಹಾಳಾದ ಒಂದು ಮೊಳ ಪೈಪು ಕತ್ತರಿಸಿ, ಹೊಸ ತುಂಡಿನ ಬಾಯಿ ಅರಳಿಸಿ ಜೋಡಿಸಿದೆ. ಜೋಡಣೆಯ ಆಚೆ, ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ, ಒಂದು ಗೇಣು ಪೈಪು ಉಳಿಯಿತು. ಅದಕ್ಕೆ ಹಳೆಯ ಮಾಲೀಕ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದ, ಮಿರಮಿರ ಹೊಳೆಯುತ್ತಿತ್ತು. ಕೆರೆಯಬೇಕೆಂದು ಸ್ಕ್ರೂಡ್ರೈವರಿಗೆ ಕೈ ಚಾಚಿದೆ. ಅಷ್ಟರಲ್ಲಿ ಮನೆಯೊಳಗಿಂದ ಬಂಗುಡೆ ಹುರಿಯುವ ವಾಸನೆ ಬಂತು.

"ಊಟ ತಣೀತದೆ, ಬರ್ತ್ರೋ ಇಲ್ಲೋ?" ಎಂದು ಸರೋಜಿನಿ ಕರೆದಳು.

ಹೋದೆ. ಉಂಡ ಮೇಲೆ ಬೆನ್ನು ಮತ್ತೆ ಗಾಡಿಯ ಅಡಿಗೆ ಹೋಗಲು ಒಪ್ಪಲಿಲ್ಲ. ಹೊಳೆಯುತ್ತಿದೆಯಲ್ಲ, ಚೆನ್ನಾಗಿಯೇ ಇರಬೇಕು ಎಂದುಕೊಂಡೆ. ಗಾಳಿ ತೆಗೆದು, ಪೆಡಲ್ ಗಟ್ಟಿಯಾದದ್ದು ನೋಡಿ, ಶೋಭಾಳನ್ನು ಕಳಿಸಿಕೊಟ್ಟೆ. ಅವಳು ಹೋಗುವಾಗ ಎರಡು ಇಸೋಣ ಮೀನಿನ ತುಂಡು ಕೊಟ್ಟು ಹೋದಳು. ರಾತ್ರಿ ಅದನ್ನೂ ತಿಂದೆ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಕ್ರೇನ್ ಗಾಡಿಯೊಂದು ಶೋಭಾಳ ಟೆಂಪೋವನ್ನು ಎಳೆದುಕೊಂಡು ಬಂದು ನನ್ನ ಅಂಗಳದಲ್ಲಿ ಬಿಟ್ಟಿತು. ಅವಳು ಇಳಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಯಲ್ಲಾಪುರದಿಂದ ಖಾಲಿ ಪೆಟ್ಟಿಗೆಗಳೊಂದಿಗೆ ಅರಬೈಲ್ ಇಳಿಯುತ್ತಿದ್ದಾಗ ಪೆಡಲ್ ಒಮ್ಮೆಲೇ ಕೆಳಗೆ ಹೋಗಿತ್ತು. ಹಿಂದಿನ ಬ್ರೇಕು ಪೂರ್ತಿ ಸತ್ತು, ಮುಂದಿನದರಲ್ಲಿ ಮಾತ್ರ ಅರ್ಧ ಜೀವ ಉಳಿದಿತ್ತು. ಅವಳು ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಯ ಮಣ್ಣಿನ ರಾಶಿಗೆ ಗಾಡಿಯನ್ನು ಏರಿಸಿ ನಿಲ್ಲಿಸಿದ್ದಳು. ಯಾರಿಗೂ ಏನೂ ಆಗಲಿಲ್ಲ. ಪೆಟ್ಟಿಗೆಗಳು ರಸ್ತೆಗೆ ಉರುಳಿದವಂತೆ. ತಿನ್ನಲು ಏನಾದರೂ ಸಿಕ್ಕೀತೆಂದು ಓಡಿ ಬಂದ ಮಂಗಗಳು ಮೀನಿನ ವಾಸನೆಗೆ ಮುಖ ಸಿಂಡರಿಸಿ ವಾಪಸು ಹೋದವಂತೆ. ಅದನ್ನು ಹೇಳುವಾಗ ಅವಳು ನಗಲು ನೋಡಿದಳು, ಆಗಲಿಲ್ಲ.

ಸುದ್ದಿ ಕೇಳಿ ಯಮುನಕ್ಕನೂ ಬಸ್ಸು ಹಿಡಿದು ಬಂದಳು. ಅವಳೆದುರೇ ಶೋಭಾ ಹೇಳಿದಳು.

"ತಪ್ಪು ನಂದೇ ಮಾಮಾ. ಈ ಮೂರು ವಾರ ದಿನಾ ಸಂಜಿಗೆ ಕೋಡಿಬಾಗದಲ್ಲಿ ದೋಣಿ ಎಳಿಯೂ ಜಾಗದಲ್ಲಿ ಗಾಡಿ ಹಿಂದೆ ಮಾಡಿ ಹೊಳೆಗೆ ಇಳ್ಸಿ ತೊಳೀತಿದ್ದೆ. ಮೀನ್ ವಾಸ್ನೆ ಚಲೋ ಹೋಗ್ತಿತ್ತು."

"ಅಲ್ವೇ, ಅಲ್ಲಿ ಕಾಳಿ ಹೊಳೆಗೆ ಉಬ್ಬರದಲ್ಲಿ ಸಮುದ್ರದ ನೀರೇ ಬರ್ತದಲ್ಲೆ? ನಿಂಗೆ ಗೊತ್ತಿಲ್ವಾ?" ಎಂದೆ.

"ಗೊತ್ತಿಲ್ದೆ ಎಂತ. ಅಪ್ಪನ ದೋಣಿ ಮೂವತ್ತು ವರ್ಷ ಆ ನೀರಲ್ಲೇ ಇತ್ತು. ಏನೂ ಆಗ್ಲಿಲ್ಲ. ಗಾಡಿಗೆ ಎಂತ ಆಗ್ತದೆ ಅಂದ್ಕಂಡೆ."

ಇದು ದೋಣಿಯ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ದಿನವಾಗಿದ್ದರೆ ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಯಮುನಕ್ಕ ನಗಲಿಲ್ಲ. "ಕುಮಟೆಯವ ಒಬ್ಬ ಗಾಡಿ ಕೇಳಿದ್ದ. ಆಯ್ತವಾರ ಬಾ ಅಂತ ಹೇಳ್ದೆ. ರಿಪೇರಿ ಮಾಡಿ ಕೊಡಿ, ಅವ ತಕಂಡು ಹೋಗ್ಲಿ. ನನ್ನ ಬುಟ್ಟಿ ಇನ್ನೂ ಮುರೀಲಿಲ್ಲ" ಎಂದಳು. ಶೋಭಾ ತಲೆ ತಗ್ಗಿಸಿ ನಿಂತಿದ್ದಳು. ಅಂದು ಮಂಗಳವಾರ, ಭಾನುವಾರಕ್ಕೆ ಐದೇ ದಿನ.

ನಾನು ಗಾಡಿಯ ಅಡಿಗೆ ಹೋಗಿ ಟಾರ್ಚ್ ಬಿಟ್ಟೆ. ನನ್ನ ಜೋಡಣೆ ಗಟ್ಟಿಯಾಗಿಯೇ ಇತ್ತು. ತೂತು ಬಿದ್ದದ್ದು ಅದರಾಚೆಯ ಒಂದು ಗೇಣಿನಲ್ಲಿ, ಆ ಹೊಳೆಯುವ ಕಪ್ಪು ಬಣ್ಣದ ಅಡಿಯಲ್ಲಿ. ಸ್ಕ್ರೂಡ್ರೈವರ್ ತಾಗಿಸಿದೆ, ಹಪ್ಪಳದಂತೆ ಉದುರಿತು. ಮೂರು ವಾರದ ಹೊಳೆನೀರಿನಿಂದ ಆಗುವ ತುಕ್ಕಲ್ಲ ಅದು, ವರ್ಷಗಳದ್ದು. ನಾನು ಅಂದು ಕೆರೆದಿದ್ದರೆ ನನ್ನ ಅಂಗಳದಲ್ಲೇ ತೂತಾಗುತ್ತಿತ್ತು.

ಈ ಕಸುಬಿನಲ್ಲಿ ಒಂದು ಅನುಕೂಲವಿದೆ. ಗಾಡಿಯ ಅಡಿಯಲ್ಲಿ ಮಲಗಿದವನ ಮುಖ ಯಾರಿಗೂ ಕಾಣುವುದಿಲ್ಲ. ಐದು ನಿಮಿಷ ಹಾಗೇ ಮಲಗಿದ್ದೆ. ತಪ್ಪು ತನ್ನದೆಂದು ಅವಳೇ ಹೇಳಿದ್ದಾಳೆ, ಹೊಳೆಯ ನೀರಿನ ಮೇಲೆ ಹಾಕಿದರೆ ಕೇಳುವವರಿಲ್ಲ, ನನ್ನ ಹೆಸರೂ ಉಳಿಯುತ್ತದೆ. ಈ ಯೋಚನೆ ನನಗೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ತಲೆ ತಗ್ಗಿಸಿ ನಿಂತ ಅವಳ ಕಾಲುಗಳು ಮಾತ್ರ ನನಗೆ ಕಾಣುತ್ತಿದ್ದವು, ಚಪ್ಪಲಿಯಲ್ಲಿ ಅರಬೈಲಿನ ಕೆಂಪು ಮಣ್ಣಿತ್ತು. ಹೊರಗೆ ಬಂದೆ.

"ಶೋಭಾ, ತಪ್ಪು ನಿಂದಲ್ಲ. ನಂದು. ಈ ತುಂಡನ್ನ ಕೆರ್ದು ನೋಡ್ಬೇಕಾಗಿತ್ತು. ಊಟಕ್ಕೆ ಕರದ್ರು ಅಂತ ಎದ್ದು ಹೋದೆ."

ಯಮುನಕ್ಕ ನನ್ನನ್ನು ಬೈದ ರೀತಿಯನ್ನು ಪೂರ್ತಿ ಬರೆಯಲು ಬರುವುದಿಲ್ಲ. ಮೀನುಪೇಟೆಯಲ್ಲಿ ನಲವತ್ತು ವರ್ಷ ಪಳಗಿದ ಬಾಯಿ ಅದು. "ನಿಮ್ಮ ಒಂದು ಬಂಗುಡೆಗೆ ನನ್ನ ಮಗಳ ಜೀವಾ?" ಎಂದದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ನಾನು ಬೈಸಿಕೊಂಡೆ, ಬೈಸಿಕೊಳ್ಳುವುದು ನ್ಯಾಯವಾಗಿತ್ತು. ಸರೋಜಿನಿ ಬಾಗಿಲಲ್ಲಿ ನಿಂತು, "ಬಂಗುಡೆ ಹುರಿದವ್ಳು ನಾನು, ನಂಗೂ ಎರಡು ಬೈರಿ" ಎಂದಳು. ಆಗ ಯಮುನಕ್ಕನ ಉಸಿರು ಸ್ವಲ್ಪ ಇಳಿಯಿತು.

ಶೋಭಾ ಮಾತ್ರ ಬೇರೆಯೇ ಯೋಚಿಸುತ್ತಿದ್ದಳು. "ಹಂಗಾರೆ ಮಾಮಾ, ನಾ ಗಾಡಿ ಚಲೋ ಹೊಡ್ದೆ?" ಎಂದು ಕೇಳಿದಳು.

"ಚಲೋ ಅಂದ್ರೆ ಎಂತ ಮಾರಾಯ್ತಿ! ಆ ಸ್ಥಿತಿಲಿ ಗಾಡಿ ನಿಲ್ಸಿದವ್ರನ್ನ ನಮ್ಮ ಶೆಡ್ಡಿನ ಡ್ರೈವರ್‌ಗಳಲ್ಲೂ ನಾ ನೋಡ್ಲಿಲ್ಲ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಎದ್ದು ನಿಂತಾಗ ಹಳೆಯ ಶೋಭಾ ಆಗಿದ್ದಳು. "ಗಾಡಿ ಮಾರೂದಿಲ್ಲ. ಪೈಪ್ ಪೂರಾ ಹೊಸತು ಹಾಕ್ವ. ಅರ್ಧದಷ್ಟು ಬಾಯಿ ನಾನೇ ಮಾಡ್ತೆ, ನಂಗೂ ಕಲ್ಸಿ" ಎಂದಳು.

ಯಮುನಕ್ಕ ಗಾಡಿಯನ್ನೂ ಮಗಳನ್ನೂ ಒಮ್ಮೆ ನೋಡಿದಳು. ಆಮೇಲೆ ತನ್ನ ತೀರ್ಪು ಕೊಟ್ಟಳು. "ಶುಕ್ರವಾರ ನಾನೂ ಗಾಡೀಲಿ ಬತ್ತೆ. ಘಾಟ್ ಇಳೀವಾಗ ನಂಗೆ ಒಂಚೂರು ಹೆದ್ರಿಕೆ ಆದ್ರೂ ಆಯ್ತವಾರ ಗಾಡಿ ಕುಮಟೆಗೆ. ಹಮ್ಮಣ್ಣಾ, ನೀವೂ ಬರೂದೆ. ರಿಪೇರಿ ಮಾಡ್ದವ್ರು ಮನೀಲಿ ಉಂಡ್ಕಂಡು ಕೂತ್ರೆ ಆಗೂದಿಲ್ಲ."

ಮುಂದಿನ ಎರಡು ದಿನ ನನ್ನ ಜೀವನದ ಅತ್ಯಂತ ಗಲಾಟೆಯ, ಅತ್ಯಂತ ಚಂದದ ದಿನಗಳು. ಟೆಂಪೋವನ್ನು ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಬರೀ ಜಾಕಿನ ಮೇಲೆ ನಿಲ್ಲಿಸಿದ ಗಾಡಿಯ ಅಡಿಗೆ ಎಂದಿಗೂ ಹೋಗಬೇಡಿ, ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ. ನಾಲ್ಕೂ ಚಕ್ರಗಳ ಹಳೆಯ ಪೈಪು ಪೂರ್ತಿ ತೆಗೆದು, ಅದರ ಉದ್ದಕ್ಕೆ ದಾರ ಹಿಡಿದು ಅಳತೆ ಮಾಡಿದೆವು. ಹೊಸದಕ್ಕೆ ತಾಮ್ರ-ನಿಕ್ಕಲ್ ಬೆರೆಸಿದ ಪೈಪು ತರಿಸಿದೆ, ಅದಕ್ಕೆ ಉಪ್ಪು ಹತ್ತುವುದಿಲ್ಲ. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಬಗ್ಗಿಸಲು ಸುಲಭವೆಂದು ಕೆಲವರು ಬರೀ ತಾಮ್ರದ್ದು ಹಾಕುತ್ತಿದ್ದರು, ಅದು ಅಲುಗಾಡಿ ಅಲುಗಾಡಿ ಕುತ್ತಿಗೆಯಲ್ಲಿ ಸೀಳುತ್ತಿತ್ತು.

ಬಗ್ಗಿಸುವ ಹತ್ಯಾರ ನನ್ನಲ್ಲಿ ಇರಲಿಲ್ಲ. ಪೈಪು ಮಡಿಕೆ ಬೀಳದ ಹಾಗೆ ಗುಂಡಗಿನ ವಸ್ತುವಿನ ಸುತ್ತ ಬಗ್ಗಿಸಬೇಕು. ಶೋಭಾ ನೇರ ಅಡಿಗೆಮನೆಗೆ ಹೋಗಿ ಸರೋಜಿನಿಯ ರುಬ್ಬುವ ಗುಂಡನ್ನು ಎತ್ತಿ ತಂದಳು. ಅಳತೆ ಮಾಡಿ ಕಡೆದ ಹಾಗಿತ್ತು. "ನಾಳೆ ಸಾರಿನ ಮಸಾಲೆ ಎಂತದ್ರಲ್ಲಿ ಅರೀಲಿ?" ಎಂದು ಸರೋಜಿನಿ ಕೂಗಾಡಿದಳು. ಮಿಕ್ಸರ್ ಇದೆಯಲ್ಲ ಎಂದೆ. ಅದನ್ನು ನಾನು ಬಿಚ್ಚಿ ಜೋಡಿಸಿದ ಮೇಲೆ ಅದು ತಿರುಗುತ್ತಿಲ್ಲ ಎಂಬುದು ಆಗ ತಿಳಿಯಿತು.

ಬಾಯಿ ಅರಳಿಸುವುದನ್ನು ಶೋಭಾ ಬೇಗ ಹಿಡಿದುಕೊಂಡಳು. ಮೀನು ಕೊಯ್ಯುವ ಕೈ, ಎಷ್ಟು ಒತ್ತಬೇಕೆಂದು ಅದಕ್ಕೆ ಗೊತ್ತು. ಮೊದಲ ನಾಲ್ಕು ಸೊಟ್ಟಗಾದವು, ಐದನೆಯದು ಸರಿಯಾಯಿತು. ನಾನು ಪಕ್ಕದಲ್ಲಿ ನಿಂತು, ಮೊದಲು ನಟ್ಟು, ಮೊದಲು ನಟ್ಟು ಎಂದು ಜಪ ಮಾಡುತ್ತಿದ್ದೆ. ಆಮೇಲೆ, ಹಿರಿಯರು ಹೇಗೆ ಮಾಡುತ್ತಾರೆ ನೋಡು ಎಂದು ನಾನೇ ಒಂದು ಮಾಡಿದೆ. ಬಾಯಿ ಅದ್ಭುತವಾಗಿ ಬಂತು. ಸರೋಜಿನಿ ಅಂಗೈ ಚಾಚಿ, "ಇದು ಯಾರದ್ದು?" ಎಂದಳು. ಅದರಲ್ಲಿ ನಟ್ಟಿತ್ತು. ಆ ಹೆಂಗಸರು ಮೂವರೂ ನಕ್ಕದ್ದು ಹೈವೇಯವರೆಗೆ ಕೇಳಿರಬೇಕು. ಎರಡು ದಿನದಿಂದ ಬಿಗಿದುಕೊಂಡಿದ್ದ ಯಮುನಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು.

ಎಲ್ಲ ಜೋಡಿಸಿ, ಹೊಸ ಬಾಟಲಿಯ ಎಣ್ಣೆ ಹಾಕಿದೆವು. ಬಾಯಿ ತೆರೆದಿಟ್ಟ ಬಾಟಲಿಯದು ಬೇಡ, ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮೂರಿನ ಗಾಳಿಯಲ್ಲಿ ತೇವವೇ ಹೆಚ್ಚು. ಗಾಳಿ ತೆಗೆಯುವಾಗ ಪೆಡಲಿನ ಮೇಲೆ ಯಮುನಕ್ಕನನ್ನೇ ಕೂರಿಸಿದೆ. ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ಪ್ರತಿ ಜೋಡಣೆಗೂ ಒಣ ಕಾಗದ ಸುತ್ತಿ ನೋಡಿದೆ. ಎಲ್ಲೂ ಒದ್ದೆಯಾಗಲಿಲ್ಲ. ಆಮೇಲೆ ಶೋಭಾ ಅಡಿಗೆ ಹೋಗಿ ಎಲ್ಲವನ್ನೂ ಮತ್ತೊಮ್ಮೆ ನೋಡಿದಳು, ನನ್ನ ಮಾತಿನ ಮೇಲೆ ಬಿಡಲಿಲ್ಲ. ಸಂಜೆ ಸಮತಟ್ಟಾದ ರಸ್ತೆಯಲ್ಲಿ ಖಾಲಿ ಗಾಡಿ ನಿಧಾನವಾಗಿ ಓಡಿಸಿ ಹತ್ತು ಸಲ ನಿಲ್ಲಿಸಿ ನೋಡಿದೆವು.

ಶುಕ್ರವಾರ ಬೆಳಿಗ್ಗೆ ಮೀನು ತುಂಬಿದ ಗಾಡಿ ಬಾಳೆಗುಳಿಗೆ ಬಂತು. ಯಮುನಕ್ಕ ಮುಂದಿನ ಸೀಟಿನ ನಡುವೆ ಕಂಬಿ ಹಿಡಿದು ಕೂತಿದ್ದಳು. ನಾನು ಬಾಗಿಲ ಬದಿಗೆ ಹತ್ತಿದೆ. ಘಾಟ್ ಹತ್ತುವುದು ಕಷ್ಟವಾಗಲಿಲ್ಲ. ಯಲ್ಲಾಪುರದಲ್ಲಿ ಮಾರುವಾಗ ನನ್ನನ್ನು ಸುಮ್ಮನೆ ಕೂರಲು ಬಿಡದೆ ತಕ್ಕಡಿ ಹಿಡಿಸಿದರು. ಒಬ್ಬ ಗಿರಾಕಿಗೆ ಇಸೋಣದ ಬದಲು ಬೇರೆ ಮೀನು ಹಾಕಿ ಕೊಟ್ಟೆ. ಯಮುನಕ್ಕ, "ಇವ್ರು ಮೀನ್ನೂ ಕೆರ್ದು ನೋಡೂದಿಲ್ಲ" ಎಂದು ಪೇಟೆಗೆಲ್ಲ ಸಾರಿದಳು. ಆಕೆ ಬೆಳಗಿನ ಜಾವವೇ ಬಂದರಿಗೆ ಹೋಗಿ ನಿಂತವಳು, ಪೇಟೆಯಲ್ಲೂ ಮಧ್ಯಾಹ್ನದವರೆಗೆ ಕೂತದ್ದು ಕಾಣಲಿಲ್ಲ.

ಊಟ ಮುಗಿಸಿ ಇಳಿಯಲು ಹೊರಟೆವು. ಘಾಟಿನ ನೆತ್ತಿಯಲ್ಲಿ ಶೋಭಾ ಗಾಡಿ ನಿಲ್ಲಿಸಿ, ಪೆಡಲ್ ಎರಡು ಸಲ ಒತ್ತಿ ನೋಡಿ, ಗೇರು ಇಳಿಸಿ ಹೊರಟಳು. ಮುಂದೆ ಲಾರಿಗಳ ಸಾಲು, ಬದಿಯಲ್ಲಿ ಕಣಿವೆ. ಯಮುನಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದು ಕುಲದೇವರನ್ನು ಕರೆಯುತ್ತಿದ್ದಳು. ನಾನು ಕರೆಯಲಿಲ್ಲ, ಆದರೆ ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಅಲ್ಲಿಲ್ಲದ ಪೆಡಲನ್ನು ಒತ್ತುತ್ತಿತ್ತು. ಆರು ಬಾಯಿ ನಾನು ಅರಳಿಸಿದ್ದು, ಆರು ಅವಳು. ಯಾವುದು ಸೋತರೂ ಗತಿ ಒಂದೇ. ಅವಳು ಕಳೆದ ಸಲ ಗಾಡಿ ಏರಿಸಿದ ಮಣ್ಣಿನ ರಾಶಿ ಎಡಕ್ಕೆ ಕಂಡಿತು. ಶೋಭಾ ತಿರುವಿಗೆ ಮೊದಲೇ ಮೆಲ್ಲಗೆ ಬ್ರೇಕ್ ಒತ್ತಿದಳು. ಗಾಡಿ ಹೇಳಿದ ಹಾಗೆ ಕೇಳಿತು. ರಾಶಿ ಹಿಂದಕ್ಕೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ದೇವರ ಹೆಸರು ಕೇಳುವುದು ನಿಂತಿತು. ಹೆದರಿ ಬಾಯಿ ಕಟ್ಟಿರಬೇಕು, ಭಾನುವಾರ ಗಾಡಿ ಹೋದಂತೆಯೇ ಎಂದುಕೊಂಡೆ. ಅಷ್ಟರಲ್ಲಿ ನನ್ನ ಹೆಗಲಿನ ಮೇಲೆ ಏನೋ ಭಾರ ಬಿತ್ತು. ಯಮುನಕ್ಕನ ತಲೆ. ಕಂಬಿ ಹಿಡಿದ ಕೈ ಮಡಿಲಿಗೆ ಜಾರಿತ್ತು, ಬಾಯಿ ಅರೆ ತೆರೆದಿತ್ತು. ಅರಬೈಲ್ ಘಾಟಿನ ಕಡಿದಾದ ಇಳಿಜಾರಿನಲ್ಲಿ ಆಕೆ ಗೊರಕೆ ಹೊಡೆಯುತ್ತಿದ್ದಳು.

ಶೋಭಾ ಒಮ್ಮೆ ಕಣ್ಣು ಹೊರಳಿಸಿ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಮುಂದಿನ ತಿರುವುಗಳನ್ನೆಲ್ಲ ಅವಳು ತೊಟ್ಟಿಲು ತೂಗುವಷ್ಟು ಮೆತ್ತಗೆ ಇಳಿಸಿದಳು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದರೂ ಅವಸರ ಮಾಡಲಿಲ್ಲ. ನನ್ನ ಹೆಗಲು ಮರಗಟ್ಟಿತು. ಬಾಳೆಗುಳಿ ಬರುವವರೆಗೂ ನಾನು ಅಲುಗಾಡಲಿಲ್ಲ.

ನಮ್ಮ ಅಂಗಳದಲ್ಲಿ ಎಂಜಿನ್ ನಿಂತಾಗ ಯಮುನಕ್ಕ ಬೆಚ್ಚಿ ಎದ್ದಳು. ತಟ್ಟನೆ ಮತ್ತೆ ಕಂಬಿ ಹಿಡಿದುಕೊಂಡಳು.

"ಮತ್ತೆ ತಿರುವು ಬಂತೇನೆ?"

ಶೋಭಾ ಫೋನ್ ತೆಗೆದು ಕುಮಟೆಯವನ ನಂಬರ್ ಒತ್ತಿ ಅವ್ವನ ಕೈಗೆ ಕೊಟ್ಟಳು. ಯಮುನಕ್ಕ ಸುತ್ತ ನೋಡಿದಳು: ನಮ್ಮ ಮನೆ, ಬಾಗಿಲಲ್ಲಿ ಸರೋಜಿನಿ, ಹೆಗಲು ಉಜ್ಜಿಕೊಳ್ಳುತ್ತಿರುವ ನಾನು. ಅವಳಿಗೆ ಅರ್ಥವಾಯಿತು. ಸೆರಗು ಸರಿಮಾಡಿಕೊಂಡು ಫೋನನ್ನು ಕಿವಿಗೆ ಹಿಡಿದಳು.

"ಹಲೋ, ನಾ ಯಮುನಾ, ಕೋಡಿಬಾಗದಿಂದ. ಆಯ್ತವಾರ ಬರೂದು ಬೇಡ ತಮಾ. ಗಾಡಿ ನಮ್ಗೇ ಬೇಕು."